ಎಣಿಸಲಾಗದ್ದು, ಎಣಿಸದೆ ಬಿಟ್ಟದ್ದು

ಇಂಗ್ಲಿಷಿನಲ್ಲಿ ‘ಜಿಲಿಯನ್’ ಅಂತ ಒಂದು ಮಾತಿದೆ. ನಮ್ಮಂಥವರ ಆಫೀಸುಗಳಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಜಿಲಿಯನ್ ಮೇಲ್ ಬಂದಿದೆ, ಜಿಲಿಯನ್ ಸಲ ಹೇಳಿದ್ದೇನೆ, ಜಿಲಿಯನ್ ಕೆಲಸ ಬಾಕಿ ಇದೆ. ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ಅಂದರೆ ನೂರು ಕೋಟಿ. ಜಿಲಿಯನ್ ಅಂದರೆ? ಎಷ್ಟೂ ಅಲ್ಲ. ಮಿಲಿಯನ್ನಿನ ತಲೆ ತೆಗೆದು ಅಲ್ಲಿ ಅಕ್ಷರಮಾಲೆಯ ಕೊನೆಯ ಅಕ್ಷರವಾದ ಜೆಡ್ ಅನ್ನು ಕೂರಿಸಿದ ತಮಾಷೆ ಅದು. ಸಾಲದೆ ಹೋದರೆ ಗಜಿಲಿಯನ್, ಬಜಿಲಿಯನ್, ಸ್ಕ್ವಿಲಿಯನ್ ಎಂದು ಬೆಳೆಸುತ್ತಾ ಹೋಗಬಹುದು. ‘ಅಂಪ್ಟೀನ್’ ಕೂಡ ಇದೇ ಜಾತಿಯದು. ಥರ್ಟೀನ್, ಫೋರ್ಟೀನ್‌ಗಳ ಬಾಲ ಅಂಟಿಸಿಕೊಂಡು ಸಂಖ್ಯೆಗಳ ಸಾಲಿನಲ್ಲಿ ನುಗ್ಗಿ ನಿಂತ ಹುಸಿ ಸಂಖ್ಯೆ.

ನಮ್ಮಲ್ಲಿ ಇಂಥವು ಇಲ್ಲವೇ? ರಗಡ ಇವೆ. ಧಾರವಾಡದ ಕಡೆಯವರು ‘ರಗಡ’ ಅಂದರೆ ಶಿರಸಿಯ ಕಡೆಯವರು ‘ರಾಶಿ’ ಅನ್ನುತ್ತಾರೆ, ಬೆಂಗಳೂರಿನ ಹುಡುಗರು ‘ಬೇಜಾನ್’ ಅನ್ನುತ್ತಾರೆ. ಸಿಕ್ಕಾಪಟ್ಟೆ, ಕಂಡಾಪಟ್ಟೆ, ಮೂಟೆಗಟ್ಟಲೆ ಎಲ್ಲರಿಗೂ ಸೇರಿದ್ದು. ಇನ್ನು ಖಚಿತ ಅಂಕಿಯ ವೇಷ ಹಾಕಿಕೊಂಡು ಬರುವವು ಬೇರೆ. ‘ನೂರೆಂಟು ತಾಪತ್ರಯ’ ಎಂದವನ ತಾಪತ್ರಯಗಳನ್ನು ಯಾರೂ ನೂರೇಳಾಯಿತೋ ನೂರೊಂಬತ್ತಾಯಿತೋ ಎಂದು ಎಣಿಸುವುದಿಲ್ಲ. ಊರೂರು ಅಲೆದವನು ‘ಛಪ್ಪನ್ನೈವತ್ತಾರು ದೇಶ’ ಸುತ್ತಿ ಬಂದಿರುತ್ತಾನೆ. ಛಪ್ಪನ್ನ ಅಂದರೂ ಐವತ್ತಾರೇ, ಮತ್ತೆ ಐವತ್ತಾರು ಅಂದರೂ ಐವತ್ತಾರೇ. ಒಂದೇ ಸಂಖ್ಯೆಯನ್ನು ಎರಡು ಭಾಷೆಯಲ್ಲಿ ಹೇಳಿದರೆ ಅದು ಇನ್ನಷ್ಟು ದೊಡ್ಡದಾಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರೇನೋ. ನಾನಿರುವ ಸೂರತ್‌ನ ಅಡಾಜಣ್‌ನಲ್ಲೂ ಛಪ್ಪನ್‌ಗೆ ಅದೇ ಕೆಲಸ. ‘ನಿನ್ನಂಥವರನ್ನು ಛಪ್ಪನ್ ನೋಡಿದ್ದೇನೆ’ ಎಂದು ಗುಜರಾತಿಯಲ್ಲಿ ಗದರಿದರೆ ಅದರರ್ಥ ಲೆಕ್ಕವಿಲ್ಲದಷ್ಟು ನೋಡಿದ್ದೇನೆ ಎಂದು.

ಈ ಮಾತುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ‘ಸಾವಿರ ಸಲ ಹೇಳಿದೀನಿ, ಊಟ ಮಾಡಿ ಮಲಗು’ ಎಂದು ಫೋನಿನಲ್ಲಿ ಗದರುವ ಅಮ್ಮನ ಸಾವಿರಕ್ಕೆ ರಸೀದಿ ಕೇಳುವವನು ಮೂರ್ಖ. ಅಲ್ಲಿ ಅಳತೆಯಾಗುತ್ತಿರುವುದು ಅವಳ ಚಿಂತೆ. ಇಂಗ್ಲಿಷಿನ ಜಿಲಿಯನ್‌ನಲ್ಲಂತೂ ಒಂದು ಪ್ರಾಮಾಣಿಕತೆಯೇ ಇದೆ. ನಾನು ಸಂಖ್ಯೆಯಲ್ಲ, ನನ್ನನ್ನು ನಂಬಬೇಡಿ ಎಂದು ಅದು ಮುಖದ ಮೇಲೇ ಬರೆದುಕೊಂಡು ಬರುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸಂಖ್ಯೆಯಂತೆ ಕಾಣುತ್ತಾ ಸಂಖ್ಯೆಯಲ್ಲದ, ಪತ್ರಿಕೆಯಲ್ಲೂ ಭಾಷಣದಲ್ಲೂ ಗಂಭೀರ ಮುಖ ಹೊತ್ತು ಬರುವ ‘ಸಾವಿರಾರು’, ‘ಲಕ್ಷಾಂತರ’, ‘ಅಸಂಖ್ಯಾತ’ಗಳನ್ನು ನಾವು ಮನುಷ್ಯರಿಗೆ ಅನ್ವಯಿಸುವಾಗ ಏನು ಮಾಡುತ್ತಿದ್ದೇವೆ? ಯಾರಿಗೆ ಅಂಕಿ ಕೊಡುತ್ತೇವೆ, ಯಾರನ್ನು ‘ಬೇಜಾನ್’ನಲ್ಲಿ ಮುಗಿಸುತ್ತೇವೆ?

ಈ ಪ್ರಶ್ನೆಗೆ ಸೂರತ್‌ಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ, ಯಾಕೆಂದರೆ ಇದು ಎಣಿಕೆಯ ಊರು. ವಜ್ರದ ವ್ಯಾಪಾರದಲ್ಲಿ ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅದನ್ನು ಮತ್ತೆ ನೂರು ಭಾಗ ಮಾಡಿದರೆ ಒಂದು ಸೆಂಟ್, ಅಂದರೆ 2 ಮಿಲಿಗ್ರಾಂ. ಪುಟ್ಟ ಹರಳುಗಳ ಪೊಟ್ಟಣ ಕೈಯಿಂದ ಕೈಗೆ ಹೋಗುವಾಗ ಆ ಸೆಂಟಿನ ಲೆಕ್ಕ ತಪ್ಪುವಂತಿಲ್ಲ. ಸಾಸಿವೆಗಿಂತ ಸಣ್ಣ ಒಂದು ಹರಳು ನೆಲಕ್ಕೆ ಬಿದ್ದರೆ ಅದು ಸಿಗುವವರೆಗೂ ಗುಡಿಸುತ್ತಾರೆ. ಬಟ್ಟೆಯ ವಿಷಯವೂ ಹಾಗೆಯೇ. ಮಗ್ಗದಿಂದ ಇಳಿದ ಬಟ್ಟೆಯನ್ನು ತಾಕಾ ತಾಕಾ ಎಣಿಸುತ್ತಾರೆ, ಮೀಟರ್ ಮೀಟರ್ ಅಳೆಯುತ್ತಾರೆ. ಪವರ್‌ಲೂಮ್ ನಡೆಸುವವನ ಕೂಲಿಯೂ ಸಾಮಾನ್ಯವಾಗಿ ಮೀಟರಿನ ಮೇಲೆಯೇ.

ಆದರೆ ಆ ಮಗ್ಗ ನಡೆಸುವವರು ಎಷ್ಟು ಜನ? ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದು ಇಲ್ಲಿನ ಮಗ್ಗಗಳಲ್ಲಿ ದುಡಿಯುವವರ ಬಗ್ಗೆ ಯಾರನ್ನಾದರೂ ಕೇಳಿ ನೋಡಿ. ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ, ಕೊನೆಗೆ ಎಲ್ಲರೂ ‘ಲಾಖೋ’ ಎಂದು ಒಪ್ಪಿಕೊಳ್ಳುತ್ತಾರೆ. ಹನ್ನೆರಡು ಗಂಟೆಯ ಪಾಳಿ, ಹಗಲು ಒಬ್ಬ ಮಲಗಿದ ಜಾಗದಲ್ಲೇ ರಾತ್ರಿ ಇನ್ನೊಬ್ಬ ಮಲಗುವ ಮೆಸ್ಸಿನ ಕೋಣೆಗಳು. ಅಲ್ಲಿ ಹಾಸಿಗೆ ಎಣಿಸಿದರೂ ಜನರ ಲೆಕ್ಕ ಸಿಗುವುದಿಲ್ಲ. ಅವರು ನೇಯ್ದ ಬಟ್ಟೆಯ ಲೆಕ್ಕ ಮೀಟರಿನವರೆಗೆ ಇದೆ, ಅವರ ಲೆಕ್ಕ ಲಕ್ಷಾಂತರ.

ಇಡೀ ಸೂರತ್‌ನ ಜನಸಂಖ್ಯೆ ಎಷ್ಟು ಎಂದು ಕೇಳಿದರೂ ಪರಿಸ್ಥಿತಿ ಹೆಚ್ಚು ಬೇರೆಯಲ್ಲ. 2001ರ ಜನಗಣತಿಯಲ್ಲಿ ನಗರಪಾಲಿಕೆಯ ವ್ಯಾಪ್ತಿಯಲ್ಲಿದ್ದವರು ಸುಮಾರು 24 ಲಕ್ಷ. 2006ರಲ್ಲಿ ನಗರದ ಎಲ್ಲೆ ಹಿಗ್ಗಿತು, 2011ರಲ್ಲಿ ಸುಮಾರು 44 ಲಕ್ಷ 67 ಸಾವಿರ ಆಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಅಂದಿನಿಂದ ಈ ಊರಿನ ಜನಸಂಖ್ಯೆ ಅರವತ್ತು ಲಕ್ಷವೂ ಹೌದು, ಎಪ್ಪತ್ತು ಲಕ್ಷವೂ ಹೌದು, ಹೇಳುವವರ ಉತ್ಸಾಹದ ಮೇಲೆ ಎಂಬತ್ತೂ ಆಗುತ್ತದೆ.

ಇದರಿಂದ ಯಾರಿಗೆ ಏನಾಯಿತು ಎಂದು ಕೇಳಬಹುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಹಳ್ಳಿಗಳ ಶೇ. 75 ಮತ್ತು ನಗರಗಳ ಶೇ. 50ರಷ್ಟು ಜನರವರೆಗೆ ಅಗ್ಗದ ಪಡಿತರ ಸಿಗಬೇಕು. ಯಾವುದರ ಶೇಕಡಾ? 2011ರ ಗಣತಿಯ ಜನಸಂಖ್ಯೆಯದು. ಆಮೇಲೆ ಜನ ಎಷ್ಟೇ ಹೆಚ್ಚಿರಲಿ, ಕಾರ್ಡುಗಳ ಮಿತಿ ಅಲ್ಲೇ ನಿಂತಿತು. ಹೊಸ ಎಣಿಕೆ ಆಗುವವರೆಗೆ, ಹೆಚ್ಚಾದವರೆಲ್ಲ ಭಾಷಣಕ್ಕೆ ‘ಕೋಟ್ಯಂತರ ಜನತೆ’, ಅಕ್ಕಿಯ ಅಂಗಡಿಗೆ ಸೊನ್ನೆ.

ಕನ್ನಡದಲ್ಲಿ ‘ಲೆಕ್ಕ’ ಎಂಬ ಮಾತಿಗೆ ಎರಡು ಮುಖ ಇರುವುದು ಸುಮ್ಮನೆ ಅಲ್ಲ. ಲೆಕ್ಕ ಅಂದರೆ ಎಣಿಕೆ. ‘ಅವನು ನನ್ನ ಲೆಕ್ಕಕ್ಕೇ ಇಲ್ಲ’ ಎಂದಾಗ ಅದು ಬೆಲೆ, ಗಣನೆ. ಮಕ್ಕಳ ಆಟದಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಒಬ್ಬ ಪುಟಾಣಿಯನ್ನು ಸೇರಿಸಿಕೊಳ್ಳುತ್ತಿದ್ದೆವಲ್ಲ, ಅವನು ಎಲ್ಲರ ಜೊತೆ ಓಡುತ್ತಾನೆ, ಬೆವರುತ್ತಾನೆ, ಬೀಳುತ್ತಾನೆ. ಆದರೆ ಅವನು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಪುಟ್ಟ ಮಗುವಿಗೆ ಇದು ಪ್ರೀತಿಯ ರಿಯಾಯಿತಿ. ದುಡಿಯುವ ವಯಸ್ಸಿನ ಮನುಷ್ಯನಿಗೆ ಇದೇ ರಿಯಾಯಿತಿ ಕೊಟ್ಟರೆ ಅದಕ್ಕೆ ಏನು ಹೆಸರು?

ಇಲ್ಲಿ ಗ್ರೀಕರ ಒಂದು ಹಳೆಯ ಒಗಟು ನೆನಪಾಗುತ್ತದೆ. ಯೂಬ್ಯುಲಿಡಿಸ್ ಎಂಬ ತತ್ತ್ವಜ್ಞಾನಿಯದು ಎಂದು ಹೇಳುತ್ತಾರೆ. ನಮ್ಮ ಕಣದ ಭಾಷೆಯಲ್ಲೇ ಹೇಳುತ್ತೇನೆ. ಕಣದಲ್ಲಿ ಜೋಳದ ರಾಶಿ ಇದೆ. ಒಂದು ಕಾಳು ತೆಗೆದರೆ ಅದು ರಾಶಿಯಾಗಿ ಉಳಿಯುತ್ತದೆಯೇ? ಉಳಿಯುತ್ತದೆ. ಇನ್ನೊಂದು ತೆಗೆದರೆ? ಆಗಲೂ ರಾಶಿಯೇ. ಹೀಗೆ ಒಂದೊಂದೇ ತೆಗೆಯುತ್ತಾ ಹೋದರೆ ಯಾವ ಕಾಳಿನ ಹೊತ್ತಿಗೆ ಅದು ರಾಶಿಯಾಗಿರುವುದು ನಿಂತಿತು? ತರ್ಕಶಾಸ್ತ್ರದವರು ಇದರ ಮೇಲೆ ಎರಡು ಸಾವಿರ ವರ್ಷಗಳಿಂದ ಜಗಳವಾಡುತ್ತಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಒಗಟಿನ ಮೊದಲ ಹೆಜ್ಜೆ. ‘ರಾಶಿ’ ಎಂಬ ಮಾತಿಗೆ ಒಂದು ಕಾಳು ಹೋದದ್ದು ತಿಳಿಯುವುದಿಲ್ಲ. ಅದು ಆ ಮಾತಿನ ಸ್ವಭಾವ.

ಲಕ್ಷಾಂತರ ಜನರಿಂದ ಒಬ್ಬ ಕಾಣೆಯಾದರೆ ಉಳಿದವರು ಲಕ್ಷಾಂತರವೇ. ಅವನಿಗಾಗಿ ಆ ಪದದಲ್ಲಿ ಒಂದು ಅಕ್ಷರವೂ ಅಲುಗುವುದಿಲ್ಲ. ಖಚಿತ ಅಂಕಿ ಹಾಗಲ್ಲ, ಒಬ್ಬ ಹೋದರೆ ಅದರ ಕೊನೆಯ ಅಂಕಿ ಬದಲಾಗಲೇಬೇಕು. ಯಾಕೆ ಬದಲಾಯಿತು, ಅವನೆಲ್ಲಿ ಎಂದು ಯಾರಾದರೂ ಕೇಳಬಹುದು. ಎಣಿಸುವವನು ಉತ್ತರ ಹೇಳಬೇಕಾಗುತ್ತದೆ. ಅಂದಾಜಿನ ಬಹುವಚನ ಹೇಳುವವನಿಗೆ ಆ ಉತ್ತರದ ಹೊಣೆಯೇ ಇಲ್ಲ. ಮನುಷ್ಯರ ವಿಷಯದಲ್ಲಿ ಈ ಎರಡು ಬಗೆಯ ಮಾತುಗಳ ನಡುವಿನ ನೈತಿಕ ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣದಲ್ಲ.

ಇದು ಬರೀ ತರ್ಕವಲ್ಲ ಎಂಬುದನ್ನು 2020 ತೋರಿಸಿತು. ಲಾಕ್‌ಡೌನಿನಲ್ಲಿ ಊರಿಗೆ ಕಳಿಸಿ ಎಂದು ಸೂರತ್‌ನ ಮಗ್ಗದ ಕೆಲಸಗಾರರು ಬೀದಿಗಿಳಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಆ ವರ್ಷದ ಸೆಪ್ಟೆಂಬರ್ 14ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಲೋಕಸಭೆಗೆ ಲಿಖಿತ ಉತ್ತರ ಕೊಟ್ಟಿತು. ಊರಿಗೆ ಮರಳಿದ ವಲಸೆ ಕಾರ್ಮಿಕರು 1,04,66,152. ಹೀಗೆ ಮರಳುವಾಗ ಸತ್ತವರು ಎಷ್ಟು ಎಂಬುದಕ್ಕೆ, ಅಂಥ ದತ್ತಾಂಶ ಇಟ್ಟಿಲ್ಲ ಎಂಬ ಉತ್ತರ. ಒಂದು ಕೋಟಿಗೂ ಮೀರಿದ ಅಂಕಿಯ ಕೊನೆಯಲ್ಲಿ ಕೂತ ಆ ಎರಡನ್ನು ನೋಡಿ. ಅಷ್ಟು ದೊಡ್ಡ ಗುಂಪಿನಲ್ಲಿ ಇಬ್ಬರನ್ನೂ ಬಿಡದೆ ಎಣಿಸಲು ಸಾಧ್ಯವಾಯಿತು. ಹಾಗಾದರೆ ಎಣಿಕೆ ಅಸಾಧ್ಯವಾದ ಕೆಲಸವಾಗಿರಲಿಲ್ಲ. ಪರಿಹಾರ ಕೊಡಬೇಕಾದ ಕಡೆಗೆ ಬಂದಾಗ ಎಣಿಕೆ ನಿಂತಿತು.

ಮಾತು ಮಸುಕಾದಾಗ ಅನ್ಯಾಯ ಯಾವಾಗಲೂ ಕಡಿಮೆ ಹೇಳುವ ದಿಕ್ಕಿನಲ್ಲೇ ಆಗಬೇಕೆಂದಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಇದೇ ಊರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಆದದ್ದು ಇದರ ತಿರುವುಮುರುವು. ಸತ್ತವರು ನೂರಾರು, ಸಾವಿರಾರು ಎಂಬ ಮಾತು ಹರಡಿತು. ನಾಲ್ಕಾರು ದಿನಗಳಲ್ಲಿ ಕೆಲವು ಲಕ್ಷ ಜನ ರೈಲು, ಬಸ್ಸು, ಸಿಕ್ಕಿದ್ದನ್ನು ಹತ್ತಿ ಊರು ಬಿಟ್ಟರು. ಅವರಲ್ಲಿ ಬಹುಪಾಲು ಮತ್ತೆ ಹೊರಗಿನಿಂದ ಬಂದ ದುಡಿಮೆಗಾರರೇ. ಕೊನೆಗೆ ಅಧಿಕೃತ ಲೆಕ್ಕದಲ್ಲಿ ಸತ್ತವರ ಸಂಖ್ಯೆ ಅರವತ್ತನ್ನೂ ಮುಟ್ಟಲಿಲ್ಲ. ಆ ಪ್ರತಿಯೊಂದು ಸಾವೂ ಸಾವೇ. ಆದರೆ ದಿನದಿನದ ನಿಜವಾದ ಅಂಕಿ, ಅದನ್ನು ನಂಬಬಹುದೆಂಬ ಭರವಸೆ, ಎರಡೂ ಜನರ ಕೈಗೆ ಸಿಕ್ಕಿದ್ದರೆ ಎಷ್ಟು ಓಟ ತಪ್ಪುತ್ತಿತ್ತು! ಮಸುಕಾದ ದೊಡ್ಡ ಸಂಖ್ಯೆ ಭಯಕ್ಕೆ ಎಷ್ಟು ಅನುಕೂಲವೋ ಮರೆವಿಗೂ ಅಷ್ಟೇ ಅನುಕೂಲ.

ಛಪ್ಪನ್ ಎಂಬ ಪದಕ್ಕೆ ಗುಜರಾತಿನಲ್ಲಿ ಇನ್ನೊಂದು ನೆನಪು ಅಂಟಿಕೊಂಡಿದೆ. ವಿಕ್ರಮ ಸಂವತ್ 1956, ಅಂದರೆ 1899-1900ರಲ್ಲಿ ಬಿದ್ದ ಭೀಕರ ಬರಗಾಲವನ್ನು ಇಲ್ಲಿ ‘ಛಪ್ಪನಿಯೊ’ ಎನ್ನುತ್ತಾರೆ. ಪನ್ನಾಲಾಲ್ ಪಟೇಲರ ‘ಮಾನವೀನಿ ಭವಾಈ’ ಕಾದಂಬರಿಯ ಹಿನ್ನೆಲೆ ಅದೇ ಬರ. ನಮ್ಮಲ್ಲೂ ಬರಗಳನ್ನು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ಹಳೆ ಮೈಸೂರಿನವರ ಬಾಯಲ್ಲಿದ್ದ ‘ಧಾತು ಈಶ್ವರದ ಬರ’ 1876ರಿಂದ 78ರವರೆಗಿನದು. ಆಗ ಸತ್ತವರಿಗೆ ಅಳುವವರೂ ಉಳಿಯಲಿಲ್ಲ ಎಂಬಂಥ ಕಾಲ. ಹೆಣಗಳನ್ನು ಯಾರು ಎಣಿಸಿಯಾರು? ಆದರೂ ಒಂದು ಕೆಲಸವಾಗಿತ್ತು. ಬರಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಜನಗಣತಿ ನಡೆದಿತ್ತು, ಲೆಕ್ಕ ಸುಮಾರು 50 ಲಕ್ಷ 55 ಸಾವಿರ. ಬರದ ನಂತರ 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕವರು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿದಿತ್ತು. ಮೊದಲ ಎಣಿಕೆ ಇಲ್ಲದೆ ಹೋಗಿದ್ದರೆ ಆ ಸತ್ತವರು ಇವತ್ತಿಗೂ ‘ಅಸಂಖ್ಯಾತ’ರಾಗಿಯೇ ಉಳಿಯುತ್ತಿದ್ದರು. ಬದುಕಿದ್ದಾಗ ಎಣಿಸಿದ್ದರಿಂದ ಸತ್ತದ್ದು ಗೊತ್ತಾಯಿತು. ಗಣತಿಯವರು ಬರವನ್ನು ಮನಸ್ಸಿನಲ್ಲಿಟ್ಟುಕೊಂಡು ಎಣಿಸಿರಲಿಲ್ಲ, ಆದರೆ ಎಣಿಕೆ ಒಮ್ಮೆ ಆದಮೇಲೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

ಇಷ್ಟಾದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು, ಅದರಲ್ಲಿ ಬಲವಿದೆ. ಎಣಿಕೆ ಮುಗ್ಧ ಕೆಲಸವಲ್ಲ. ದನ ಎಣಿಸಿದಂತೆ ಜನ ಎಣಿಸಿದವರು ಚರಿತ್ರೆಯಲ್ಲಿ ಬಹಳ. ತೆರಿಗೆಗೆ, ಸೈನ್ಯಕ್ಕೆ, ಕೆಲವೆಡೆ ಕೊಲ್ಲುವುದಕ್ಕೂ ಮೊದಲು ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದಿರುವುದೇ ಕ್ಷೇಮ ಎಂದು ಬಡವ ಅಂದುಕೊಂಡರೆ ಅದಕ್ಕೆ ಕಾರಣಗಳಿವೆ. ನಮ್ಮ ಜನಪದಕ್ಕೂ ಎಣಿಕೆಯ ಬಗ್ಗೆ ಒಂದು ಅಳುಕು ಇದೆ. ಕಣದಲ್ಲಿ ಧಾನ್ಯ ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಆಮೇಲೆ ಎರಡು, ಮೂರು. ಸಮೃದ್ಧಿಯನ್ನು ಲೆಕ್ಕದ ಬಾಯಿಗೆ ನೇರವಾಗಿ ಕೊಡಬಾರದು ಎಂಬ ಸಂಕೋಚ ಅಲ್ಲಿರಬಹುದು. ‘ಅಸಂಖ್ಯಾತ’ ಎಂಬುದು ಗೌರವದ ಮಾತೂ ಹೌದು. ವೀರಶೈವ ಪರಂಪರೆಯಲ್ಲಿ ಹೆಸರಿಸಿ ನೆನೆಯುವ ಅರವತ್ತುಮೂರು ಪುರಾತನರ ಜೊತೆಗೆ ‘ಅಸಂಖ್ಯಾತ’ ಗಣಂಗಳಿಗೂ ಶರಣು ಎನ್ನುತ್ತಾರೆ. ನಮ್ಮ ಪಟ್ಟಿ ಪೂರ್ತಿಯಲ್ಲ, ನಮಗೆ ಹೆಸರು ತಿಳಿಯದವರೂ ದೊಡ್ಡವರೇ ಎಂಬ ವಿನಯ ಅದು. ಆ ಅಸಂಖ್ಯಾತಕ್ಕೂ ವರದಿಯ ‘ಅಸಂಖ್ಯಾತ ಕಾರ್ಮಿಕರು’ ಎಂಬುದಕ್ಕೂ ಅಕ್ಷರ ಒಂದೇ, ನಡತೆ ಬೇರೆ. ಒಂದು ಬಾಗಿಲು ತೆರೆದಿಡುತ್ತದೆ, ಇನ್ನೊಂದು ಕಡತ ಮುಚ್ಚುತ್ತದೆ.

ವ್ಯತ್ಯಾಸ ಗುರುತಿಸುವುದು ಹೇಗೆ? ಸೂರತ್‌ನ ವಜ್ರದ ವ್ಯಾಪಾರದಲ್ಲಿ ದೊಡ್ಡ ಪಾಲು ಇರುವ ಜೈನರ ಶಾಸ್ತ್ರಗಳಲ್ಲಿ ಒಂದು ಚೆಂದದ ವಿಂಗಡಣೆ ಇದೆ. ಸಂಖ್ಯಾತ, ಅಸಂಖ್ಯಾತ, ಅನಂತ. ಎಣಿಸಬಹುದಾದದ್ದು, ಎಣಿಕೆಗೆ ಮೀರಿದ್ದು, ಕೊನೆಯೇ ಇಲ್ಲದ್ದು. ‘ಬಹಳ’ ಎಂದು ಒಂದೇ ಮೂಟೆಗೆ ತುಂಬದೆ, ಯಾವ ಬಗೆಯ ಬಹಳ ಎಂದು ಅವರು ಕೇಳಿದರು. ಅದೇ ಪರಂಪರೆಯ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ, ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಏಕದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ. ಒಂದರ ಮುಂದೆ 23 ಸೊನ್ನೆ ಇಟ್ಟರೆ ಮಹಾಕ್ಷೋಭ. ಈ ನೆಲದ ಮೇಲೆ ಇದುವರೆಗೆ ಬದುಕಿದ ಮನುಷ್ಯರೆಲ್ಲರನ್ನೂ ಸೇರಿಸಿದರೂ ಆ ಸ್ಥಾನದ ಹತ್ತಿರ ಸುಳಿಯುವುದಿಲ್ಲ. ಮನುಷ್ಯರ ಸಂಖ್ಯೆ ಎಂದೂ ಅಸಂಖ್ಯಾತವಲ್ಲ, ಅದು ಯಾವಾಗಲೂ ಸಂಖ್ಯಾತವೇ. ಮನುಷ್ಯರನ್ನು ಕುರಿತು ‘ಎಣಿಸಲಾಗದಷ್ಟು’ ಎಂದಾಗಲೆಲ್ಲ ಅದರ ನಿಜವಾದ ಅರ್ಥ ‘ಎಣಿಸಲಿಲ್ಲ’ ಎಂದೇ. ವ್ಯಾಕರಣದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಕೂದಲೆಳೆಯ ಅಂತರ. ಮೊದಲನೆಯದರಲ್ಲಿ ದೋಷ ಸಂಖ್ಯೆಯದು, ಎರಡನೆಯದರಲ್ಲಿ ಎಣಿಸಬೇಕಾಗಿದ್ದವನದು.

ಹಾಗೆಂದು ಎಲ್ಲರೂ ಎಲ್ಲದಕ್ಕೂ ಕೊನೆಯ ಅಂಕಿಯವರೆಗೆ ಹೇಳಬೇಕು ಎಂಬುದು ನನ್ನ ವಾದವಲ್ಲ. ಗೊತ್ತಿಲ್ಲದ ಕಡೆ ಖಚಿತ ಅಂಕಿ ಹೇಳುವುದು ಜಿಲಿಯನ್‌ಗಿಂತ ದೊಡ್ಡ ಸುಳ್ಳು. ಕನ್ನಡದಲ್ಲಿ ‘ಸುಮಾರು’ ಎಂಬ ಒಳ್ಳೆಯ ಮಾತಿದೆ. ಸುಮಾರು ಐದು ಲಕ್ಷ ಎಂದವನನ್ನು ನಾಳೆ ಯಾರಾದರೂ ತಿದ್ದಬಹುದು, ಹಾಗಾಗಿ ಅವನು ಉತ್ತರಕ್ಕೆ ಸಿಗುತ್ತಾನೆ. ‘ಲಕ್ಷಾಂತರ’ ಎಂದವನನ್ನು ತಿದ್ದುವುದು ಹೇಗೆ? ಎರಡು ಲಕ್ಷವಾದರೂ ಅವನು ಸರಿ, ಇಪ್ಪತ್ತು ಲಕ್ಷವಾದರೂ ಅವನು ಸರಿ. ತಪ್ಪಾಗುವ ಸಾಧ್ಯತೆಯೇ ಇಲ್ಲದ ಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ. ಎಣಿಸಿದರೆ ಅಂಕಿ ಹೇಳೋಣ, ಅಂದಾಜಿದ್ದರೆ ಸುಮಾರು ಎನ್ನೋಣ, ಎರಡೂ ಇಲ್ಲದಿದ್ದರೆ ‘ಎಣಿಸಿಲ್ಲ’ ಎಂದು ನೇರವಾಗಿ ಹೇಳೋಣ. ಈ ಮೂರನೆಯದು ನಾಚಿಕೆಯ ಮಾತು, ಆದರೆ ಆ ನಾಚಿಕೆಯಿಂದ ಒಂದು ಕೆಲಸ ಶುರುವಾಗಬಹುದು.

ಇದು ಸರ್ಕಾರಕ್ಕೆ ಹೇಳುವ ಬುದ್ಧಿವಾದ, ನಮಗೇನು ಎಂದು ನೀವು ಕೇಳಬಹುದು. ಊರು ಬಿಟ್ಟು ಬಂದವರಲ್ಲಿ ನಾವು, ಅಂದರೆ ಈ ಪುಟ ಓದುತ್ತಿರುವ ಬಹುತೇಕರು, ಚೆನ್ನಾಗಿ ಎಣಿಕೆಯಾದವರು. ಪ್ಯಾನ್, ಪಿಎಫ್, ಬಾಡಿಗೆ ಕರಾರು, ಸೊಸೈಟಿಯ ರಿಜಿಸ್ಟರು, ಗೇಟಿನ ಆ್ಯಪ್ ಎಲ್ಲದರಲ್ಲೂ ನಾವಿದ್ದೇವೆ. ಹಜೀರಾದ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುವವರ ಸೀಟಿಗೂ ನಂಬರಿದೆ, ಎನ್‌ಐಟಿಯಲ್ಲಿ ಓದಲು ಬಂದವರ ರೋಲ್ ನಂಬರಿಗೆ ಹಾಜರಿ ಇದೆ. ನಾವು ಬಂದದ್ದಕ್ಕೆ ‘ರಿಲೊಕೇಟ್’ ಎಂದು ಹೆಸರು. ಯಾದಗಿರಿಯಿಂದ, ರಾಯಚೂರಿನಿಂದ ಹೊರಟವರದ್ದಕ್ಕೆ ‘ಗುಳೆ’ ಎಂದು ಹೆಸರು. ರಿಲೊಕೇಟ್ ಆಗುವವನು ಒಬ್ಬ ವ್ಯಕ್ತಿ, ಗುಳೆ ಹೋಗುವವರು ಪ್ರತಿ ವರ್ಷದ ಸುದ್ದಿಯಲ್ಲೂ ‘ಸಾವಿರಾರು ಜನ’. ಇಬ್ಬರೂ ಬಿಟ್ಟುಬಂದದ್ದು ಒಂದೇ ಬಗೆಯದು: ಒಂದು ಮನೆ, ಒಂದು ಭಾಷೆ, ಫೋನಿಗೆ ಕಾಯುವ ಒಬ್ಬ ತಾಯಿ.

ಮುಂದೂಡುತ್ತಾ ಬಂದ ಜನಗಣತಿಗೆ ಈಗ 2027ರ ಮಾರ್ಚ್ 1 ಆಧಾರ ದಿನವೆಂದು ನಿಗದಿಯಾಗಿದೆ. ಎಣಿಸುವವರು ಅಡಾಜಣ್‌ನ ನಮ್ಮ ಅಪಾರ್ಟ್‌ಮೆಂಟುಗಳಿಗೂ ಬರುತ್ತಾರೆ. ಮಾತೃಭಾಷೆ ಯಾವುದು ಎಂದು ಕೇಳಿದಾಗ ಕನ್ನಡ ಎಂದು ನಾವು ಮರೆಯದೆ ಹೇಳುತ್ತೇವೆ, ಹೇಳಲೇಬೇಕು. ಜೊತೆಗೆ ಇನ್ನೊಂದು ಸಣ್ಣ ಕೆಲಸವಿದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಲಗುವ ವಾಚ್‌ಮನ್, ಎದುರಿನ ಕಟ್ಟಡದ ಹಿಂದೆ ತಗಡಿನ ಶೆಡ್ಡಿನಲ್ಲಿರುವ ಗಾರೆ ಕೆಲಸದ ಸಂಸಾರ, ರಾತ್ರಿ ಅಂಗಡಿಯೊಳಗೇ ಮಲಗುವ ಹುಡುಗ, ಇವರ ಬಾಗಿಲಿಗೆ ಫ್ಲ್ಯಾಟ್ ನಂಬರು ಇರುವುದಿಲ್ಲ. ಎಣಿಸಲು ಬಂದವರು ಕೆಳಗಿಳಿದು ಹೋಗುವ ಮುಂಚೆ, ಅಲ್ಲೂ ಜನ ಇದ್ದಾರೆ, ಇಷ್ಟು ಜನ ಎಂದು ಕೈ ತೋರಿಸಿ ಹೇಳಬಹುದು. ಹೇಳಬೇಕಾದರೆ ನಾವು ಮೊದಲು ಅವರನ್ನು ಎಣಿಸಿರಬೇಕು, ಎಣಿಸಬೇಕಾದರೆ ಹೆಸರು ಕೇಳಿರಬೇಕು. ಅದಕ್ಕೆ ಇನ್ನೂ ಸಮಯವಿದೆ.